ಕತ್ತರಿ ಗೆರೆಗಳು

ವಿಶಾಖಪಟ್ಟಣದ ಸ್ಟೇಷನ್ನಿನಲ್ಲಿ ಇಳಿದರೆ ಮೊದಲು ಮೂಗಿಗೆ ಬರುವುದು ಬಂದರಿನ ಕಡೆಯ ಗಾಳಿ. ಉಪ್ಪು, ಕಲ್ಲಿದ್ದಲ ಪುಡಿ, ಎಲ್ಲೋ ಒಣಗುತ್ತಿರುವ ಮೀನು. ಅದಕ್ಕೆ ಮೂಗು ಒಗ್ಗುವಷ್ಟರಲ್ಲಿ ಹೊರಗಿನ ಟಿಫಿನ್ ಬಂಡಿಗಳಿಂದ ಹೆಸರುಕಾಳಿನ ಪೆಸರಟ್ಟು ದೋಸೆಯ ಶುಂಠಿ ಘಾಟು ಬಂದು ಸೇರುತ್ತದೆ. ಹೋದ ತಿಂಗಳು ಒಂದು ತರಬೇತಿಗೆಂದು ಅಲ್ಲಿಗೆ ಹೋದೆ. ಬೆಳಗಿನ ಹೊತ್ತು, ಹೊಟ್ಟೆ ಖಾಲಿ. ಆದರೂ ಬಂಡಿಗಳ ಕಡೆ ಹೋಗದೆ ಪ್ಲಾಟ್‌ಫಾರಂನಲ್ಲೇ ಉಳಿದೆ. ಹಸಿವಿಗೆ ಅಡ್ಡ ಬಂದದ್ದು ಹಳೆಯ ಹೆದರಿಕೆ ಎಂದು ತಕ್ಷಣ ಗೊತ್ತಾಯಿತು.

ಬೆಂಚಿನ ಮೇಲೆ ಕೂತು ಫೋನು ನೋಡಿದೆ. ಶ್ರಾವಣಿಯ ಸಂದೇಶ ಬಂದಿತ್ತು: 'ದಾರಿಯಲ್ಲಿದ್ದೇನೆ, ಮೇಡಂ.' ಆ ಕೊನೆಯ ಪದ ಕಂಡಾಗಲೆಲ್ಲ ನನಗೆ ಕಾಲಿಗೆ ಮುಳ್ಳು ಚುಚ್ಚಿದ ಹಾಗಾಗುತ್ತದೆ. ಒಂದು ಕಾಲಕ್ಕೆ ನಾನು ಅವಳಿಗೆ ಅಕ್ಕ ಆಗಿದ್ದೆ.

ಕೆಲವು ವರ್ಷದ ಹಿಂದಿನ ಮಾತು. ನನ್ನ ಗಂಡ ಬ್ಯಾಂಕಿನಲ್ಲಿ ಅಧಿಕಾರಿ. ತುಮಕೂರಿನಿಂದ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದ ನಾನು ಕೆಲಸ ಬಿಟ್ಟು ಬಂದೆ. ಸುಮ್ಮನೆ ಮನೆಯಲ್ಲಿ ಕೂರುವ ಜಾಯಮಾನ ನನ್ನದಲ್ಲ. ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಕೋರ್ಸಿಗೆ ಅರ್ಜಿ ಹಾಕಿದೆ, ಸೀಟು ಸಿಕ್ಕಿತು. ಎರಡು ವರ್ಷದ ಕೋರ್ಸು, ಎರಡನೆಯ ಬೇಸಿಗೆಗೆ ಗಂಡನಿಗೆ ಮತ್ತೆ ವರ್ಗ ಖಂಡಿತ. ಅಷ್ಟರೊಳಗೆ ಕೋರ್ಸು ಮುಗಿಯಬೇಕು, ಒಂದು ಸೆಮಿಸ್ಟರ್ ಕೈಕೊಟ್ಟರೂ ಎಲ್ಲಾ ನೀರಿನಲ್ಲಿ ಹೋಮ.

ಲೆಕ್ಕಕ್ಕೆ ನಾನು ಪಿಯುಸಿಯಲ್ಲೇ ದೊಡ್ಡ ನಮಸ್ಕಾರ ಹಾಕಿದ್ದೆ. ಅದು ಮೂರನೇ ಸೆಮಿಸ್ಟರಿನಲ್ಲಿ 'ಅನ್ವಯಿಕ ಸಂಖ್ಯಾಶಾಸ್ತ್ರ: ಪರಿಚಯ' ಎಂಬ ಹೆಸರು ಹೊತ್ತು ಬಂದು ಎದುರಿಗೆ ನಿಂತಿತು. ಪರಿಚಯವಂತೆ! ಮೊದಲ ವಾರವೇ ನನ್ನ ಜುಟ್ಟು ಹಿಡಿದು ನೆಲಕ್ಕೆ ಕುಟ್ಟಿತು. ಎರಡು ಗುಂಪುಗಳ ನಡುವೆ ವ್ಯತ್ಯಾಸ ಇದೆಯೇ ಎಂದು ಕೇಳಬೇಕಾದರೆ ಮೊದಲು 'ವ್ಯತ್ಯಾಸವೇ ಇಲ್ಲ' ಎಂದು ಹಿಡಿದುಕೊಳ್ಳಬೇಕು. ಆಮೇಲೆ ಸಿಕ್ಕ ಅಂಕಿಗಳು ಆ ಮಾತಿಗೆ ಎಷ್ಟು ವಿರುದ್ಧವಾಗಿವೆ ಎಂದು ಅಳೆಯಬೇಕು. ಸಾಕಷ್ಟು ವಿರುದ್ಧವಿದ್ದರೆ ಆ ಮಾತನ್ನು ತಿರಸ್ಕರಿಸಬಹುದು. ಇಲ್ಲದಿದ್ದರೆ 'ತಿರಸ್ಕರಿಸಲು ಆಗಲಿಲ್ಲ' ಎನ್ನಬೇಕೇ ಹೊರತು 'ಒಪ್ಪಿದೆ' ಎನ್ನಕೂಡದು. ಇದನ್ನು ಅಡುಗೆಮನೆಯಲ್ಲಿ ಗಟ್ಟಿಯಾಗಿ ಉರು ಹೊಡೆಯುತ್ತಿದ್ದಾಗ ನನ್ನ ಗಂಡ, "ನನ್ನ ಜಾತಕ ನೋಡಿ ನಿಮ್ಮಪ್ಪ ಹೇಳಿದ್ದೂ ಇದೇ ತಾನೆ?" ಎಂದ. ನಕ್ಕೆನಾದರೂ ಆ ಪಾಠ ನನ್ನ ತಲೆಗೆ ಹತ್ತಿದ್ದು ಆ ಮಾತಿನಿಂದಲೇ.

ಪಾಠ ಮಾಡುತ್ತಿದ್ದವರು ರಾವ್ ಸರ್. ತೆಳ್ಳಗಿನ ಆಳು, ಇಸ್ತ್ರಿ ಮಾಡಿದ ತುಂಬುತೋಳಿನ ಬಿಳಿ ಅಂಗಿ, ನಗು ಎಂಬುದು ಹಬ್ಬಕ್ಕೂ ಇಲ್ಲ. ಯಾರಾದರೂ ಸರಾಸರಿ ಹೇಳಲು ಬಾಯಿ ತೆರೆದರೆ, "ಮೊದಲು ಮುಖ ತೋರಿಸು, ಆಮೇಲೆ ಹೆಸರು ಹೇಳು" ಎನ್ನುತ್ತಿದ್ದರು. ಮೊದಲು ಚಿತ್ರ ಬರೆದು ಅಂಕಿಗಳು ಹೇಗೆ ಹರಡಿವೆ ನೋಡು ಎಂದು ಅದರ ಅರ್ಥ. ಅವರದೇ ಒಂದು ಪರೀಕ್ಷೆಯೂ ಇತ್ತು. ಇಬ್ಬರು ಸೇರಿ ಸಮೀಕ್ಷೆ ಮಾಡಿದರೆ, ಒಬ್ಬೊಬ್ಬರು ತಂದದ್ದನ್ನು ಬೇರೆ ಬೇರೆ ಮಾಡಿ ಎರಡನ್ನೂ ಹೋಲಿಸುತ್ತಿದ್ದರು. ಹಿಂದಿನ ಬ್ಯಾಚಿನಲ್ಲಿ ಒಬ್ಬ ಕ್ಯಾಂಟೀನಿನಲ್ಲಿ ಕೂತೇ ಎಲ್ಲಾ ತುಂಬಿದ್ದನಂತೆ, ಹಾಗೆಯೇ ಸಿಕ್ಕಿಬಿದ್ದು ಸೀಟು ಕಳೆದುಕೊಂಡನಂತೆ. ಆ ಕತೆ ಹೇಳುವಾಗ ಅವರ ಕಣ್ಣು ಒಬ್ಬೊಬ್ಬರ ಮುಖದ ಮೇಲೂ ನಿಂತು ಮುಂದೆ ಹೋಗುತ್ತಿತ್ತು.

ನನಗೆ ಜೊತೆಯಾಗಿ ಸಿಕ್ಕವಳು ಶ್ರಾವಣಿ. ಶ್ರೀಕಾಕುಳಂ ಕಡೆಯವಳು, ನನಗಿಂತ ಹತ್ತು ವರ್ಷಕ್ಕಾದರೂ ಚಿಕ್ಕವಳು. ಒಂದು ಆಸ್ಪತ್ರೆಯಲ್ಲಿ ಗುತ್ತಿಗೆಯ ನರ್ಸ್. ಈ ಡಿಗ್ರಿ ಬಂದರೆ ಕೆಲಸ ಕಾಯಂ, ಬರದಿದ್ದರೆ ಅದೂ ಇಲ್ಲ. ನನ್ನ ಮುರುಕು ತೆಲುಗಿಗೆ ಕಿಸಕ್ಕನೆ ನಕ್ಕು, ಮರುಕ್ಷಣ "ಅಕ್ಕಾ, ಅಲಾ ಕಾದು," ಹಾಗಲ್ಲ ಎಂದು ತಿದ್ದುತ್ತಿದ್ದಳು. ನಾನು ಅವಳ ಡಬ್ಬಿಯ ಪುಂಡಿಸೊಪ್ಪಿನ ಗೋಂಗೂರ ಚಟ್ನಿ ಕದ್ದು ತಿನ್ನುತ್ತಿದ್ದೆ, ಅವಳು ನನ್ನ ಚಿತ್ರಾನ್ನ. ತಂಗಿ ಇಲ್ಲದ ನನಗೆ ಅವಳ ಮೇಲೆ ಜೀವ.

ನಾವು ಆರಿಸಿಕೊಂಡ ವಿಷಯ ಸರಳ: ಮೂಟೆ ಹೊರುವವರು ಬೆಳಿಗ್ಗೆ ಏನಾದರೂ ತಿಂದು ಬಂದರೆ ಮಧ್ಯಾಹ್ನದೊಳಗೆ ತಲೆಸುತ್ತು ಕಡಿಮೆಯೇ? ವಿಜಯವಾಡದ ಒನ್ ಟೌನ್ ಪೇಟೆಯಲ್ಲಿ ನನ್ನ ಚಿಕ್ಕಮ್ಮನ ಮನೆ ಇತ್ತು. ತೆಲುಗಿನವರನ್ನು ಮದುವೆಯಾಗಿ ಅಲ್ಲೇ ಬೇರು ಬಿಟ್ಟವಳು. ಅವಳ ಬೀದಿಯ ತುದಿಗೇ ಸಗಟು ಅಂಗಡಿಗಳ ಸಾಲು, ಅಕ್ಕಿ, ಬೇಳೆ, ಬೆಲ್ಲದ ಮೂಟೆಗಳು, ಅವುಗಳ ಕೆಳಗೆ ಬಗ್ಗಿದ ಬೆನ್ನುಗಳು. ದಸರಾ ರಜೆಯಲ್ಲಿ ನಾವಿಬ್ಬರೂ ಅಲ್ಲೇ ಉಳಿದೆವು. ಯಾರನ್ನು ಯಾರು ಮಾತಾಡಿಸಬೇಕು ಎಂಬುದನ್ನು ರಾವ್ ಸರ್ ಹೇಳಿದಂತೆ ನಾಣ್ಯ ಎಸೆದು ಹಂಚಿಕೊಂಡೆವು.

ಪ್ರಶ್ನೆಗಳು ಅಚ್ಚಾಗಿದ್ದದ್ದು ಇಂಗ್ಲಿಷಿನಲ್ಲಿ. ಬಾಯಲ್ಲಿ ತೆಲುಗು ಮಾಡಿ ಕೇಳಬೇಕು. ಕಷ್ಟದ ಪದಗಳನ್ನೆಲ್ಲ ಶ್ರಾವಣಿ ರೈಲಿನಲ್ಲೇ ನನಗೆ ಬಾಯಿಪಾಠ ಮಾಡಿಸಿದ್ದಳು. ತಲೆ ಸುತ್ತುವುದಕ್ಕೆ ಅವರಲ್ಲಿ ಕಣ್ಣು ತಿರುಗುವುದು ಎನ್ನುತ್ತಾರೆ, "ಕಳ್ಳು ತಿರಿಗಾಯಾ?" ನಮ್ಮ ಕಡೆ ಕಳ್ಳು ಅಂದರೆ ಮಡಕೆಯಲ್ಲಿ ನೊರೆಯುವ ಸರಕು. ಪ್ರತಿ ಸಲ ಕೇಳುವಾಗಲೂ ನನಗೆ ನಗು ಉಕ್ಕಿ, ಎದುರಿಗಿದ್ದವರು ಈ ಹೆಂಗಸಿಗೇನು ಬಂತು ಎಂದು ನೋಡುತ್ತಿದ್ದರು. ಹೀಗೆ ಬೆವರು, ಸೆಖೆ, ಲಾರಿ ಹಾರ್ನುಗಳ ನಡುವೆ ಕೆಲಸ ಮುಗಿಸಿ ಗೆದ್ದವರ ಹಾಗೆ ವಿಶಾಖಪಟ್ಟಣಕ್ಕೆ ಮರಳಿದೆವು.

ಅದು ವಾಯುಭಾರ ಕುಸಿತದ ಕಾಲ. ಸಮುದ್ರ ಬೂದಿ ಬಣ್ಣಕ್ಕೆ ತಿರುಗಿತ್ತು. ಬಂದರಿನಲ್ಲಿ ಅಪಾಯದ ಸಂಕೇತ ಏರಿಸಿದ್ದಾರೆ ಎಂದು ಬಸ್ಸಿನಲ್ಲಿ ಜನ ಮಾತಾಡುತ್ತಿದ್ದರು. ಶುಕ್ರವಾರ ರಾವ್ ಸರ್ ನಮ್ಮಿಬ್ಬರನ್ನೂ ಕೋಣೆಗೆ ಕರೆದರು. ಕಿಟಕಿ ಗಾಜು ಗಾಳಿಗೆ ಗಡಗಡ ಎನ್ನುತ್ತಿತ್ತು. ಅವರು ಲ್ಯಾಪ್‌ಟಾಪನ್ನು ನಮ್ಮ ಕಡೆ ತಿರುಗಿಸಿದರು.

ಪರದೆಯ ಮೇಲೆ ಎರಡು ಗೆರೆಗಳಿದ್ದವು. ಶ್ರಾವಣಿಯದು ಕೆಳಗಿಳಿಯುತ್ತಿತ್ತು: ಬೆಳಿಗ್ಗೆ ತಿಂದವರಿಗೆ ತಲೆಸುತ್ತು ಕಡಿಮೆ. ನನ್ನದು ಮೇಲೇರುತ್ತಿತ್ತು: ತಿಂದವರಿಗೇ ತಲೆಸುತ್ತು ಜಾಸ್ತಿ. ನಡುವೆ ಎರಡೂ ಒಂದನ್ನೊಂದು ಕಡಿದು ಬಾಯಿ ತೆರೆದ ಕತ್ತರಿಯ ಹಾಗೆ ಕಂಡವು.

"ಒಂದೇ ಮಾರುಕಟ್ಟೆ, ಒಂದೇ ವಾರ, ನಾಣ್ಯ ಎಸೆದು ಹಂಚಿಕೊಂಡ ಜನ. ಇಷ್ಟು ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಬರುವುದಿಲ್ಲ. ಅದನ್ನು ನಿಮಗೆ ಕಲಿಸಿದವನೇ ನಾನು," ಎಂದರು ರಾವ್ ಸರ್. ದನಿ ಏರಿಸಲಿಲ್ಲ. "ನಿಮ್ಮಲ್ಲಿ ಒಬ್ಬರು ಟೀ ಅಂಗಡಿಯಲ್ಲಿ ಕೂತು ತುಂಬಿದ್ದೀರಿ. ಯಾರು ಎಂದು ಸೋಮವಾರ ನನಗೆ ಹೇಳಬೇಕು. ಹೇಳದಿದ್ದರೆ ಇಬ್ಬರ ಹೆಸರೂ ಶಿಸ್ತು ಸಮಿತಿಗೆ ಹೋಗುತ್ತದೆ."

"ಸರ್, ನಾನು ಒಬ್ಬೊಬ್ಬರನ್ನೂ ನಿಂತು ಮಾತಾಡಿಸಿದ್ದೇನೆ," ಎಂದೆ. ಅದೇ ಉಸಿರಿನಲ್ಲಿ ಶ್ರಾವಣಿಯೂ ಅದನ್ನೇ ಹೇಳಿದಳು.

"ಇಬ್ಬರದೂ ನಿಜವಾಗಲು ಸಾಧ್ಯವಿಲ್ಲ," ಎಂದು ಅವರು ಲ್ಯಾಪ್‌ಟಾಪ್ ಮುಚ್ಚಿದರು.

ಹೊರಗೆ ಬಂದಾಗ ಮಳೆ ಶುರುವಾಗಿತ್ತು. ಛತ್ರಿ ಒಂದೇ ಇತ್ತು, ನನ್ನದು. ಬಿಚ್ಚಿ ಅವಳ ಕಡೆ ಹಿಡಿದೆ. ಅವಳು ದುಪಟ್ಟಾ ತಲೆಗೆ ಹಾಕಿಕೊಂಡು, "ಪರವಾಲೇದು, ಮೇಡಂ" ಎಂದು ಮಳೆಯಲ್ಲೇ ನಡೆದುಹೋದಳು. ಮೇಡಂ! ನನ್ನ ಪಿತ್ತ ನೆತ್ತಿಗೇರಿತು. ಓಹೋ, ಹಾಗಾದರೆ ಇವಳ ಲೆಕ್ಕದಲ್ಲಿ ಕಳ್ಳಿ ನಾನೇ ಅನ್ನು ಎಂದುಕೊಂಡೆ.

ಅನುಮಾನಕ್ಕೆ ಒಂದು ಸಲ ಮಣೆ ಹಾಕಿದರೆ ಅದು ಎಲೆ ಹಾಕಿಸಿಕೊಂಡೇ ಏಳುವುದು. ಮನೆಗೆ ಹೋಗುವಷ್ಟರಲ್ಲಿ ನನಗೆ ಒಂದೊಂದೇ ನೆನಪಾಗತೊಡಗಿತು. ನನಗಿಂತ ಯಾವಾಗಲೂ ಮೊದಲೇ ಮುಗಿಸುತ್ತಿದ್ದಳಲ್ಲ? ನನ್ನ ಹಾಳೆಗಳು ಬೆವರಿಗೆ ಮುದುಡಿದ್ದರೆ ಅವಳವು ಗರಿಗರಿಯಾಗಿದ್ದವಲ್ಲ? ಒಂದು ಮಧ್ಯಾಹ್ನ ಬಟ್ಟೆ ಅಂಗಡಿಯ ಫ್ಯಾನಿನ ಕೆಳಗೆ ಕೂತು ಬರೆಯುತ್ತಿದ್ದಳಲ್ಲ? ಜೊತೆಗೆ, ಅವಳ ಗೆರೆ ಎಲ್ಲರೂ ಅಂದುಕೊಳ್ಳುವ ಕಡೆಗೇ ಸಲೀಸಾಗಿ ವಾಲಿತ್ತು. ಕೂತು ತುಂಬುವವರು ಹಾಗೇ ತಾನೆ ತುಂಬುವುದು? ತಿಂದವರಿಗೇ ತಲೆ ಸುತ್ತುತ್ತದೆ ಎಂದು ಯಾವ ಮಂಕು ಸುಳ್ಳು ಬರೆಯುತ್ತದೆ! ವಾದ ಮಾಡಿ ನಾನೇ ಗೆದ್ದೆ. ಗೆದ್ದ ಮೇಲೆ ಅಳು ಬಂತು. ಅವಳ ಹೆಸರು ಹೇಳಿದರೆ ಅವಳ ಕೆಲಸ ಹೋಗುತ್ತದೆ, ಹೇಳದಿದ್ದರೆ ನನ್ನ ಸೀಟೂ ಹೋಗುತ್ತದೆ.

"ಅವಳನ್ನೇ ಕೇಳಬಾರದೇ?" ಎಂದ ಗಂಡ.

"ಕೇಳಿದರೆ ಹೇಳ್ತಾಳಾ?" ಎಂದು ಅವನ ಮೇಲೇ ಹರಿಹಾಯ್ದೆ.

ಶನಿವಾರ ವಿಜಯವಾಡದ ರೈಲು ಹತ್ತಿದೆ. ಶ್ರಾವಣಿ ಮಾತಾಡಿಸಿದೆ ಎಂದ ಕೆಲವರ ಹೆಸರು ನನಗೆ ನೆನಪಿತ್ತು. ಅಂಥವರು ಇದ್ದಾರೋ ಇಲ್ಲವೋ ಕಣ್ಣಾರೆ ನೋಡಿಬಿಡೋಣ ಎಂದು. ದಾರಿಯುದ್ದಕ್ಕೂ ಗದ್ದೆಗಳಲ್ಲಿ ನೀರು ನಿಂತಿತ್ತು, ರೈಲು ಅಲ್ಲಲ್ಲಿ ನಿಂತು ನಿಂತು ಹೋಯಿತು. ನಿಂತಾಗಲೆಲ್ಲ ಸೋಮವಾರ ಒಂದು ಹೆಜ್ಜೆ ಹತ್ತಿರ ಬಂದಂತೆ ಅನ್ನಿಸುತ್ತಿತ್ತು.

ಭಾನುವಾರ ಬೆಳಿಗ್ಗೆ ಚಿಕ್ಕಮ್ಮನ ಮನೆಯಲ್ಲಿ ಎದ್ದು ಹೊರಗೆ ಬಂದರೆ ಅವಳ ಮಗ ಕಾರ್ತಿಕ ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ. ಮದುವೆಯಾದ ಗಂಡಸು, ಕೊರಿಯರ್ ಕಂಪನಿಯಲ್ಲಿ ಕೆಲಸ. ತಾಯಿಭಾಷೆ ಕನ್ನಡವಾದರೂ ಅವನ ಕನ್ನಡ ಅಮ್ಮ, ಅಜ್ಜಿಯ ಹತ್ತಿರ ಮಾತ್ರ, ಅದೂ ಕುಂಟುತ್ತಾ. ಅವನ ಜೊತೆ ನಾನು ತೆಲುಗೇ ಆಡುತ್ತಿದ್ದೆ, ನನಗೂ ರೂಢಿಯಾಗಲಿ ಎಂದು.

"ತಿಂಡಿ ತಿನ್ನಾವಾ?" ಎಂದೆ. ತಿಂಡಿ ತಿಂದೆಯಾ ಎಂದು.

"ಇಂಕಾ ಲೇದಕ್ಕಾ," ಇನ್ನೂ ಇಲ್ಲ ಅಂದ.

ಅಡುಗೆಮನೆಯಿಂದ ಚಿಕ್ಕಮ್ಮ ಸಿಡಿದಳು. "ಏನೋ ಸುಳ್ಳು ಹೇಳ್ತೀಯಾ? ಈಗ ತಾನೇ ತಟ್ಟೆ ತುಂಬ ಇಡ್ಲಿ ತಿಂದು ಎದ್ದೆಯಲ್ಲೋ!"

ಕಾರ್ತಿಕ ಪಿಳಿಪಿಳಿ ಕಣ್ಣು ಬಿಟ್ಟ. ಅವನ ಬೆರಳಿನಲ್ಲಿ ಇನ್ನೂ ಚಟ್ನಿ ಇತ್ತು. "ಅದು ಟಿಫಿನ್ ಅಮ್ಮ. ಅಕ್ಕ ತೆಲುಗಿನಲ್ಲಿ ಕೇಳಿದ್ದು ತಿಂಡಿ. ಇಷ್ಟು ಬೆಳಿಗ್ಗೆ ಯಾರು ಅನ್ನ ತಿಂತಾರೆ?"

ಚಿಕ್ಕಮ್ಮ ಸೌಟು ಹಿಡಿದೇ ಹೊರಗೆ ಬಂದು ಬಿದ್ದು ಬಿದ್ದು ನಕ್ಕಳು. "ಅಯ್ಯೋ, ಇಲ್ಲಿ ತಿಂಡಿ ಅಂದ್ರೆ ಅನ್ನ, ಊಟ ಕಣೇ. ನಮ್ಮ ತಿಂಡಿಗೆ ಇವರು ಟಿಫಿನ್ ಅಂತಾರೆ ಕದಾ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮತ್ತೆಗೆ ಬೆಳಬೆಳಗ್ಗೆ 'ತಿಂಡಿ ಆಯಿತೇ' ಅಂತ ಕೇಳಿ, ನನ್ನ ತಿಂಡಿ ಲೆಕ್ಕ ಇಡೋಕೆ ನೀನ್ಯಾರು ಅಂತ ಬೈಸಿಕೊಂಡಿದ್ದೆ!"

ನಾನು ನಗಲಿಲ್ಲ. ಮೂಟೆ ಹೊರುವವರನ್ನೆಲ್ಲ ನಾನು ಕೇಳಿದ್ದು ಇದೇ ಮಾತು: "ಪೊದ್ದುನ್ನ ತಿಂಡಿ ತಿನ್ನಾರಾ?" ಬೆಳಿಗ್ಗೆ ಅನ್ನ ತಿಂದಿರಾ? ಇಡ್ಲಿ ತಿಂದು ಬಂದವರು ಇಲ್ಲ ಎಂದಿದ್ದರು. ಕಳ್ಳು, ಗಿಳ್ಳು ಎಂದು ಗೊತ್ತಿಲ್ಲದ ಪದಗಳಿಗೆಲ್ಲ ಹೆದರಿ ಹೆದರಿ ಕಲಿತಿದ್ದೆ. ಗೊತ್ತಿದ್ದ ಪದವೇ ಕಾಲು ಹಿಡಿದು ಎಳೆದಿತ್ತು.

ಮುಖ ಕೂಡ ತೊಳೆಯದೆ ಮಾರುಕಟ್ಟೆಗೆ ಓಡಿದೆ. ಭಾನುವಾರವಾದರೂ ಅಕ್ಕಿ ಲಾರಿ ಬಂದಿತ್ತು. ಕೆಸರು ದಾಟಿ ತಿರುಗಿದರೆ, ಲಾರಿಯ ಪಕ್ಕದಲ್ಲಿ ಒಬ್ಬ ಹಿರಿಯ ಕೂಲಿಯನ್ನು ನಿಲ್ಲಿಸಿಕೊಂಡು ಏನೋ ಕೇಳುತ್ತಿದ್ದಾಳೆ, ಶ್ರಾವಣಿ!

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಹೇಳುವ ಅಗತ್ಯವೇ ಇರಲಿಲ್ಲ. ನಾನು ಅವಳ ಜನ ಇದ್ದಾರೋ ಎಂದು ಹುಡುಕಲು ಬಂದಿದ್ದೆ, ಅವಳು ನನ್ನ ಜನರನ್ನು ಹುಡುಕಲು ಬಂದಿದ್ದಳು. ನಾಚಿಕೆ, ಕೋಪ, ದುಃಖ ಮೂರೂ ಒಟ್ಟಿಗೆ ಬಂದವು.

"ಇವರು ಹೇಳುತ್ತಿದ್ದಾರೆ, ನೀವು ನಿಜವಾಗಿ ಬಂದು ಮಾತಾಡಿಸಿದಿರಂತೆ, ಮೇಡಂ," ಎಂದಳು. "ಮಾತಾಡುತ್ತಾ ಸುಮ್ಮಸುಮ್ಮನೆ ನಗುತ್ತಿದ್ದಿರಂತೆ."

"ಶ್ರಾವಣಿ, ಊಟ ತಿಂಡಿಯ ಪ್ರಶ್ನೆಯನ್ನು ನೀನು ಯಾವ ಪದದಲ್ಲಿ ಕೇಳಿದೆ?"

"ಯಾವ ಪದ ಅಂದರೆ? ಟಿಫಿನ್ ಚೇಶಾರಾ, ಅಂತ."

ನಾನು ಆ ಹಿರಿಯನ ಕಡೆ ತಿರುಗಿ, ಬೆಳಿಗ್ಗೆ ತಿಂಡಿ ತಿಂದಿರಾ ಎಂದು ನನ್ನ ತೆಲುಗಿನಲ್ಲಿ ಕೇಳಿದೆ. ತಿನ್ನಾನು, ತಿಂದಿದ್ದೇನೆ ಎಂದರು. ಟಿಫಿನ್ ಮಾಡಿದಿರಾ ಎಂದು ಅವಳ ತೆಲುಗಿನಲ್ಲಿ ಕೇಳಿದೆ. ಲೇದು, ಇಲ್ಲ ಎಂದರು. ಏನು ತಿಂದಿರಿ ಎಂದರೆ, ಚದ್ದನ್ನಂ ಎಂದರು. ರಾತ್ರಿಯ ಅನ್ನ, ಮಜ್ಜಿಗೆ, ಈರುಳ್ಳಿ. ಕತ್ತಲಿರುವಾಗಲೇ ಮನೆಯಲ್ಲಿ ತಿಂದು, ದೂರದಿಂದ ನಡೆದು ಬರುತ್ತಾರೆ. ಮಾರುಕಟ್ಟೆಗೆ ಬಂದ ಮೇಲೆ ಬಂಡಿಯಲ್ಲಿ ಇಡ್ಲಿ ತಿನ್ನುವವರು ಬೇರೆ.

ಶ್ರಾವಣಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. ನನಗೆ ಹೌದು ಎಂದವರು ಅನ್ನದವರು, ಅವಳಿಗೆ ಹೌದು ಎಂದವರು ಇಡ್ಲಿಯವರು. ನಸುಕಿಗೇ ಉಂಡ ಅನ್ನ ಮಧ್ಯಾಹ್ನದೊಳಗೆ ಕರಗಿ ಕಣ್ಣು ತಿರುಗಿದರೆ, ಆಗಷ್ಟೇ ತಿಂದ ಇಡ್ಲಿ ತಡೆದಿತ್ತು. ಅವಳ ಪ್ರಶ್ನೆ ಅನ್ನದವರನ್ನು ಉಪವಾಸ ಕೆಡವಿತ್ತು, ನನ್ನದು ಇಡ್ಲಿಯವರನ್ನು. ಸುಳ್ಳು ಯಾರೂ ಹೇಳಿರಲಿಲ್ಲ.

ನಾನು ನಗುತ್ತಾ ಅವಳ ಕೈ ಹಿಡಿದೆ. ಅವಳು ಕೈ ಬಿಡಿಸಿಕೊಳ್ಳಲಿಲ್ಲ, ಆದರೆ ನಗಲೂ ಇಲ್ಲ. "ರೈಲಿನಲ್ಲಿ ಬರುವಾಗ ಯೋಚನೆ ಮಾಡುತ್ತಿದ್ದೆ," ಎಂದಳು. "ನೀವು ಒಂದು ಫೋನು ಮಾಡಿ, ಏಮೇ, ನೀನು ಹಾಗೆ ಮಾಡಿದೆಯಾ ಅಂತ ಬೈದಿದ್ದರೂ ಸಾಕಿತ್ತು. ನೀವೂ ಕೇಳಲಿಲ್ಲ, ನಾನೂ ಕೇಳಲಿಲ್ಲ."

ಸೋಮವಾರ ರಾವ್ ಸರ್ ಎದುರು ನಿಂತು ಇಬ್ಬರೂ ಹೇಳಿದೆವು. ಅವರು ಲ್ಯಾಪ್‌ಟಾಪ್ ತೆರೆದು ಆ ಎರಡು ಗೆರೆಗಳನ್ನು ಮತ್ತೆ ನೋಡಿದರು. ಕೊನೆಗೆ, "ಕಳ್ಳರು ಸಿಗುತ್ತಾರೆ ಅಂದುಕೊಂಡಿದ್ದೆ. ಸಿಕ್ಕಿದ್ದು ನಿಘಂಟು," ಎಂದರು. ಅದು ನಗುವೇ ಇರಬೇಕು, ಅವರ ಮುಖದಲ್ಲಿ ಅದಕ್ಕಿಂತ ಹೆಚ್ಚು ಕಾಣಿಸಲು ಜಾಗವಿರಲಿಲ್ಲ. "ಇಬ್ಬರೂ ಕೇಳಿದ್ದನ್ನು ತೆಗೆದು ಬಿಸಾಡಿ. ಪ್ರಶ್ನೆಯನ್ನು ತೆಲುಗಿನಲ್ಲಿ ಬರೆದು, ಇಬ್ಬರೂ ಅದನ್ನೇ ಓದಿ. ಸೆಮಿಸ್ಟರ್ ಮುಗಿಯುವುದರೊಳಗೆ ತಂದರೆ ಸೀಟು ಉಳಿಯುತ್ತದೆ."

ಬಿಸಾಡಿದೆವು. ಮತ್ತೆ ವಿಜಯವಾಡ, ಮತ್ತೆ ಚಿಕ್ಕಮ್ಮನ ಮನೆ. ಮಳೆಯಲ್ಲಿ ಕೆಸರು ತುಳಿಯುತ್ತಾ ಈ ಸಲ ತಿಂದದ್ದರ ಬಗ್ಗೆ ಇಬ್ಬರೂ ಕೇಳಿದ್ದು ಒಂದೇ ಪ್ರಶ್ನೆ: "ಪೊದ್ದುನ್ನ ಏಮಿ ತಿನ್ನಾರು, ಎಪ್ಪುಡು?" ಬೆಳಿಗ್ಗೆ ಏನು ತಿಂದಿರಿ, ಯಾವಾಗ? ಚಿಕ್ಕಮ್ಮ ಬೇಕೆಂದೇ ದಿನಾ ಬೆಳಿಗ್ಗೆ ಶ್ರಾವಣಿಯನ್ನು "ತಿಂಡಿ ಆಯ್ತೇನಮ್ಮಾ?" ಎಂದು ಕನ್ನಡದಲ್ಲಿ ಕೆಣಕುತ್ತಿದ್ದಳು. ಅವಳು ಮರ್ಯಾದೆಯಿಂದ, "ಅಯ್ಯಿಂದಂಡಿ," ಆಯಿತು ಎಂದು ತಟ್ಟೆ ತೊಳೆದಿಟ್ಟು ಹೊರಡುತ್ತಿದ್ದಳು. ದಾರಿಯಲ್ಲಿ ಕೆಲಸದ ಮಾತು ಬಿಟ್ಟರೆ ಬೇರೆ ಇರಲಿಲ್ಲ. ಅವಳ ಡಬ್ಬಿಗೆ ಕೈ ಹಾಕುವ ಧೈರ್ಯ ನನಗೂ ಬರಲಿಲ್ಲ.

ಈ ಸಲ ರಾವ್ ಸರ್ ಬರೆದ ಚಿತ್ರದಲ್ಲಿ ನಮ್ಮ ಗೆರೆಗಳು ಪಕ್ಕ ಪಕ್ಕದಲ್ಲೇ ನಡೆದಿದ್ದವು. ಮೊದಲಿನಷ್ಟು ಕಡಿದಾದ ಇಳಿಜಾರಲ್ಲ. ತಡವಾಗಿ ತಿಂದವರಿಗೆ ತಲೆಸುತ್ತು ಕೊಂಚ ಕಡಿಮೆ, ಅಷ್ಟೇ. ಇಬ್ಬರೂ ಪಾಸಾದೆವು. ಅವಳ ಕೆಲಸ ಕಾಯಂ ಆಯಿತು. ನನ್ನ ಗಂಡನಿಗೆ ಬೇಸಿಗೆಯಲ್ಲಿ ಹಾಸನಕ್ಕೆ ವರ್ಗವಾಯಿತು. ಹೊರಡುವ ದಿನ ಅವಳು ಸ್ಟೇಷನ್ನಿಗೆ ಬಂದು, "ಹೋಗಿ ಬನ್ನಿ ಮೇಡಂ" ಎಂದು ತೆಲುಗಿನಲ್ಲೇ ಹೇಳಿ ಗೋಂಗೂರ ಉಪ್ಪಿನಕಾಯಿಯ ಬಾಟಲಿ ಕೊಟ್ಟಳು. ನಾನು ಸೀಟಿನಲ್ಲಿ ಕೂತು ಆ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ರಾಜಮಹೇಂದ್ರವರದವರೆಗೂ ಅತ್ತೆ.

ಆಮೇಲೆ ಹಬ್ಬಕ್ಕೊಂದು ಸಂದೇಶ, ಹುಟ್ಟುಹಬ್ಬಕ್ಕೊಂದು ಸಂದೇಶ. ಎಲ್ಲದರ ಕೊನೆಯಲ್ಲೂ ಮೇಡಂ. ಈ ಸಲ ತರಬೇತಿಯ ಕಾಗದ ಬಂದಾಗ ನಾನೇ ಫೋನು ಮಾಡಿ, ಮೊದಲ ಮಾತಿಗೇ, "ಏಮೇ, ಆಗ ನಿನ್ನ ಮೇಲೆ ಅನುಮಾನ ಪಟ್ಟೆ. ನಿನ್ನನ್ನೇ ಕೇಳಬೇಕಾಗಿತ್ತು" ಎಂದುಬಿಟ್ಟಿದ್ದೆ. ಅವಳು ಅದರ ಮಾತೆತ್ತದೆ, ಯಾವ ರೈಲಿಗೆ ಬರುತ್ತೀರಿ ಎಂದಷ್ಟೇ ಕೇಳಿದ್ದಳು.

ಪ್ಲಾಟ್‌ಫಾರಂ ಖಾಲಿಯಾಗುತ್ತಾ ಬಂದಿತ್ತು. ಮೆಟ್ಟಿಲಿಳಿದು ಅವಳು ಬಂದಳು. ಕೊಂಚ ದಪ್ಪವಾಗಿದ್ದಾಳೆ, ಕನ್ನಡಕ ಬಂದಿದೆ. ಕೈಯಲ್ಲಿ ಎಲೆಯಲ್ಲಿ ಕಟ್ಟಿದ ಪೆಸರಟ್ಟಿನ ಪೊಟ್ಟಣ. ನಾನು ಎದ್ದು ನಿಂತೆ. ಅವಳು ನನ್ನ ಎದುರಿಗೆ ಬಂದು, ಪರೀಕ್ಷೆಗೆ ಉರು ಹೊಡೆದು ಬಂದವಳ ಹಾಗೆ ಒಂದೊಂದೇ ಪದವನ್ನು ಬಿಡಿಸಿ ಬಿಡಿಸಿ, ಕನ್ನಡದಲ್ಲಿ ಕೇಳಿದಳು:

"ತಿಂಡಿ ಆಯ್ತಾ, ಅಕ್ಕಾ?"

"ಇಲ್ಲ ಕಣೇ," ಎಂದೆ. ನಿಜವಾಗಿಯೂ ಹಸಿವಾಗಿತ್ತು.